ಲೇತ್‌ನಲ್ಲಿ ಮಾಡಿಸಿದ ಪುಲ್ಲರ್ ಬಾಗಿದ್ದೇಕೆ? ಇನ್ನು ಯಾವುದನ್ನು ಮಾಡಿಸಬಹುದು?

ಓದುಗರ ಪ್ರಶ್ನೆ: ನನ್ನದು ಶಿರಾದಲ್ಲಿ ಹೆದ್ದಾರಿಯ ಪಕ್ಕದ ಸಣ್ಣ ಗ್ಯಾರೇಜ್. ಹನ್ನೊಂದು ವರ್ಷಗಳಿಂದ ಬೈಕ್ ಮತ್ತು ಸಣ್ಣ ಕಾರುಗಳ ಕೆಲಸ ಮಾಡುತ್ತಿದ್ದೇನೆ. ಕಂಪನಿಯ ಸ್ಪೆಷಲ್ ಟೂಲ್‌ಗಳ ಬೆಲೆ ನನ್ನಂಥವರ ಕೈಗೆಟುಕುವುದಿಲ್ಲ, ಕೆಲವು ಹೊರಗಿನವರಿಗೆ ಸಿಗುವುದೂ ಇಲ್ಲ. ಹೀಗಾಗಿ ತುಮಕೂರಿನ ಅಂತರಸನಹಳ್ಳಿಯ ಒಂದು ಲೇತ್‌ನಲ್ಲಿ ಬೈಕಿನ ಮ್ಯಾಗ್ನೆಟ್ (ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಕೂರುವ ಅಯಸ್ಕಾಂತದ ಚಕ್ರ) ಬಿಚ್ಚುವ ಪುಲ್ಲರ್ ಮಾಡಿಸಿದೆ. ಎರಡು ಸಲ ಚೆನ್ನಾಗಿಯೇ ಕೆಲಸ ಮಾಡಿತು. ಮೂರನೆಯ ಸಲ ಮ್ಯಾಗ್ನೆಟ್ ಅಲುಗದೆ ಇದ್ದಾಗ ಸ್ಪ್ಯಾನರಿಗೆ ಪೈಪ್ ಹಾಕಿ ತಿರುಗಿಸಿದೆ. ನಡುವಿನ 12 ಮಿ.ಮೀ. ಸ್ಕ್ರೂ ಬಾಗಿತು, ಅದರ ತುದಿ ಅಣಬೆಯ ಹಾಗೆ ಅಗಲವಾಯಿತು, ಕ್ರ್ಯಾಂಕ್‌ಶಾಫ್ಟ್ ತುದಿಯ ಮೊದಲೆರಡು ಥ್ರೆಡ್ ಕೂಡ ಜಜ್ಜಿಹೋದವು. ಲೇತ್‌ನವರು ಈಗ, "ಹಳೆಯ ಬೇರಿಂಗ್ ರೇಸ್, ಅಂದರೆ ಬೇರಿಂಗಿನ ಉಕ್ಕಿನ ಬಳೆ, ಅಥವಾ ಲಾರಿಯ ಕಮಾನ್ ಪ್ಲೇಟಿನಲ್ಲಿ ಮಾಡಿಕೊಡುತ್ತೇನೆ, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಜನ್ಮದಲ್ಲಿ ಮುರಿಯುವುದಿಲ್ಲ" ಎನ್ನುತ್ತಾರೆ. 1.3 ಲೀಟರ್ ಡೀಸೆಲ್ ಎಂಜಿನ್ನಿನ ಟೈಮಿಂಗ್ ಲಾಕ್ ಪಿನ್‌ಗಳನ್ನೂ (ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಸರಿಯಾದ ಸ್ಥಾನ ಗುರುತಿಸಲು ತೂರಿಸುವ ಪಿನ್) ಕಾರಿನ ಮುಂದಿನ ಸ್ಪ್ರಿಂಗ್ ಒತ್ತುವ ಸಾಧನವನ್ನೂ ಅವರ ಹತ್ತಿರವೇ ಮಾಡಿಸಬೇಕೆಂದಿದ್ದೆ. ಮಾಡಿಸಲೇ? ಅಥವಾ ಹೀಗೆ ಮಾಡಿಸುವುದೇ ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಪುಲ್ಲರ್ ಯಾಕೆ ಸೋತಿತು ಎಂಬುದು ಒಂದು, ಒಮ್ಮೆ ಸೋತ ಮೇಲೆ ಲೇತ್‌ನಲ್ಲಿ ಮಾಡಿಸಿದ ಉಪಕರಣವನ್ನು ನಂಬಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮಾಡಿಸುವುದು ತಪ್ಪಲ್ಲ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಟೂಲ್ ರೂಂನಲ್ಲಿ ಜಿಗ್, ಫಿಕ್ಸ್‌ಚರ್ ಮತ್ತು ಪುಲ್ಲರ್‌ಗಳನ್ನು ಮಾಡಿದವನು, ಈಗಲೂ ತುಮಕೂರಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಸಲಹೆ ಕೊಡುತ್ತೇನೆ. ಒಂದೇ ಮಾದರಿಯ ವಾಹನಕ್ಕೆ, ಒಂದೇ ಕೆಲಸಕ್ಕೆ ಬೇಕಾಗುವ ಉಪಕರಣವನ್ನು ಒಳ್ಳೆಯ ಲೇತ್‌ನವರು ಕಂಪನಿಯದಕ್ಕೆ ಸಮನಾಗಿ ಮಾಡಿಕೊಟ್ಟಿದ್ದನ್ನು ಬಹಳ ಸಲ ನೋಡಿದ್ದೇನೆ. ಆದರೆ ನೀವು ಕೇಳಿರುವ ಮೂರು ಉಪಕರಣಗಳು ಮೂರು ಬೇರೆ ಜಾತಿಯವು. ಪುಲ್ಲರನ್ನು ಧೈರ್ಯವಾಗಿ ಮಾಡಿಸಿ, ಲಾಕ್ ಪಿನ್ನನ್ನು ಕೆಲವು ನಿಬಂಧನೆಗಳೊಂದಿಗೆ ಮಾಡಿಸಿ, ಸ್ಪ್ರಿಂಗ್ ಒತ್ತುವ ಸಾಧನವನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಕಾರಣಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಮೊದಲು ಬಾಗಿದ ಸ್ಕ್ರೂವಿನ ವಿಷಯ. ಪುಲ್ಲರಿನ ದೇಹ ಮ್ಯಾಗ್ನೆಟ್ಟಿನ ಥ್ರೆಡ್ಡಿಗೆ ಕಚ್ಚಿಕೊಳ್ಳುತ್ತದೆ, ನಡುವಿನ ಸ್ಕ್ರೂ ಕ್ರ್ಯಾಂಕಿನ ತುದಿಯನ್ನು ಒತ್ತಿ ಮ್ಯಾಗ್ನೆಟ್ಟನ್ನು ಹೊರಗೆಳೆಯುತ್ತದೆ. ಇದರಲ್ಲಿ ಲೇತ್‌ನವರ ಕೈಕೆಲಸದ ದೋಷವೇನೂ ನನಗೆ ಕಾಣುವುದಿಲ್ಲ. ಸ್ಕ್ರೂವಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಇಬ್ಬರಲ್ಲಿ ಒಬ್ಬರೂ ಲೆಕ್ಕ ಹಾಕಲಿಲ್ಲ, ಅಷ್ಟೆ. 300 ಮಿ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು ನೀವು 30 ಕೆ.ಜಿ. ಬಲದಿಂದ ಎಳೆದರೆ ಸುಮಾರು 90 ನ್ಯೂಟನ್ ಮೀಟರ್ ಟಾರ್ಕ್ ಆಗುತ್ತದೆ. ಗ್ರೀಸ್ ಹಾಕದ 12 ಮಿ.ಮೀ. ಸ್ಕ್ರೂ ಇಷ್ಟು ಟಾರ್ಕಿಗೆ ಅಂದಾಜು ಮೂರೂವರೆ ಟನ್ ಬಲದಿಂದ ಒತ್ತುತ್ತದೆ, ಚೆನ್ನಾಗಿ ಗ್ರೀಸ್ ಹಾಕಿದ್ದರೆ ಅದೇ ಕೈಬಲಕ್ಕೆ ಐದು ಟನ್‌ವರೆಗೂ ಹೋಗುತ್ತದೆ. ಇನ್ನು ತಾಳುವ ಶಕ್ತಿಯನ್ನು ನೋಡಿ. 12 ಮಿ.ಮೀ. ಥ್ರೆಡ್ಡಿನಲ್ಲಿ ಭಾರ ಹೊರುವ ಉಕ್ಕಿನ ವಿಸ್ತೀರ್ಣ ಸುಮಾರು 84 ಚದರ ಮಿ.ಮೀ. ಮಾತ್ರ. ನಾವು ಎಂಎಸ್ ಎಂದು ಕರೆಯುವ ಸಾದಾ ಉಕ್ಕು ಪ್ರತಿ ಚದರ ಮಿ.ಮೀ.ಗೆ 250 ನ್ಯೂಟನ್ ಆಸುಪಾಸಿನಲ್ಲಿ ಮತ್ತೆ ನೆಟ್ಟಗಾಗದಂತೆ ಬಾಗಲು ಶುರುಮಾಡುತ್ತದೆ. ಗುಣಿಸಿದರೆ ಹೆಚ್ಚೆಂದರೆ ಎರಡು ಟನ್ ಚಿಲ್ಲರೆ. ತಿರುಚುವ ಒತ್ತಡವೂ ಜೊತೆಗೆ ಸೇರುವುದರಿಂದ ನಿಜವಾದ ಮಿತಿ ಅದಕ್ಕಿಂತಲೂ ಕಡಿಮೆ. ಅಂದರೆ ಪೈಪ್ ಹಾಕುವ ಮೊದಲೇ, ಬರಿಯ ಸ್ಪ್ಯಾನರಿನಲ್ಲಿಯೇ, ಆ ಸ್ಕ್ರೂ ತನ್ನ ಮಿತಿಯನ್ನು ದಾಟುತ್ತಿತ್ತು. ಮೊದಲ ಎರಡು ಸಲ ಮ್ಯಾಗ್ನೆಟ್‌ಗಳು ಬೇಗ ಸಡಿಲಗೊಂಡವು, ಹಾಗಾಗಿ ಗೊತ್ತಾಗಲಿಲ್ಲ. ಸ್ಪ್ಯಾನರಿನ ಉದ್ದವನ್ನು ಪೈಪಿನಿಂದ ಎರಡರಷ್ಟು ಮಾಡಿದಾಗ ಏಳು ಟನ್ನಿನ ಒತ್ತಡವನ್ನು ಎರಡು ಟನ್ನಿನ ಸ್ಕ್ರೂವಿನಿಂದ ಕೇಳಿದಂತಾಯಿತು.

ಇಲ್ಲಿ "ಇಎನ್8 ದರ್ಜೆಯ ಉಕ್ಕು ಹಾಕಿಸಿದ್ದರೆ ಸರಿಹೋಗುತ್ತಿತ್ತು" ಎಂದು ಹೇಳುವವರು ಬಹಳ ಜನ. ಇದು ಅರ್ಧ ಸತ್ಯ. ಇಎನ್8ರಲ್ಲಿ ಇಂಗಾಲ ಸುಮಾರು ಶೇ 0.40, ಸಾದಾ ಎಂಎಸ್‌ನಲ್ಲಿ ಅದರ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ. ಆದರೆ ಅಂಗಡಿಯಿಂದ ತಂದ ಇಎನ್8 ಸರಳನ್ನು ಹಾಗೆಯೇ ಲೇತ್‌ಗೆ ಕಟ್ಟಿ ಸ್ಕ್ರೂ ಮಾಡಿದರೆ ಅದರ ಬಾಗುವ ಮಿತಿ 280 ನ್ಯೂಟನ್ ಆಸುಪಾಸಿನಲ್ಲಿಯೇ ಇರುತ್ತದೆ. ಎಂಎಸ್‌ಗಿಂತ ಹೆಚ್ಚೇನೂ ಅಲ್ಲ. ಅದೇ ಉಕ್ಕನ್ನು ಕಾಯಿಸಿ, ಎಣ್ಣೆಗೆ ಅದ್ದಿ, ಮತ್ತೆ 550ರಿಂದ 650 ಡಿಗ್ರಿ ಶಾಖದಲ್ಲಿ ಹದಗೊಳಿಸಿದಾಗ ಆ ಮಿತಿ 465ಕ್ಕೆ ಏರುತ್ತದೆ. ನೀವು ಹಣ ಕೊಡಬೇಕಾದದ್ದು ಈ ಹದಕ್ಕೆ. ಉಕ್ಕಿನ ಹೆಸರಿಗೆ ಕೊಟ್ಟರೆ ಪ್ರಯೋಜನವಿಲ್ಲ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿದ ಇಎನ್19 ಹದಗೊಳಿಸಿದ ಸ್ಥಿತಿಯಲ್ಲಿಯೇ ಮಾರಾಟಕ್ಕೆ ಸಿಗುತ್ತದೆ. ಅದನ್ನು ತಂದು ನೇರವಾಗಿ ಥ್ರೆಡ್ ಹಾಕಿದರೆ ಮತ್ತೆ ಕುಲುಮೆಗೆ ಕೊಡುವ ಅಗತ್ಯವಿಲ್ಲ, ಮಿತಿ 680ರ ಹತ್ತಿರ ಇರುತ್ತದೆ. ಪುಲ್ಲರಿನ ನಡುವಿನ ಸ್ಕ್ರೂವಿಗೆ ನಾನು ಸಾಮಾನ್ಯವಾಗಿ ಸೂಚಿಸುವುದು ಇದನ್ನೇ.

ಇದಕ್ಕಿಂತಲೂ ಸುಲಭವಾದ ದಾರಿ ಇನ್ನೊಂದಿದೆ, ಅದನ್ನು ಹೇಳಲು ಲೇತ್‌ನವರಿಗೆ ಕೆಲವೊಮ್ಮೆ ಸಂಕೋಚ. ಸ್ಕ್ರೂವನ್ನು ಮಾಡಿಸಲೇಬೇಡಿ, ಕೊಂಡುಕೊಳ್ಳಿ. ಬೋಲ್ಟಿನ ತಲೆಯ ಮೇಲೆ 8.8, 10.9 ಎಂದು ಅಚ್ಚೊತ್ತಿರುತ್ತದೆ. ಚುಕ್ಕಿಯ ಹಿಂದಿನ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಅದು ತುಂಡಾಗುವ ಒತ್ತಡ (ಪ್ರತಿ ಚದರ ಮಿ.ಮೀ.ಗೆ ಇಷ್ಟು ನ್ಯೂಟನ್ ಎಂದು), ಚುಕ್ಕಿಯ ನಂತರದ ಅಂಕಿ ಅದರಲ್ಲಿ ಹತ್ತರಲ್ಲಿ ಎಷ್ಟು ಪಾಲಿಗೆ ಬಾಗಲು ಶುರುವಾಗುತ್ತದೆ ಎಂಬುದು. ಹೀಗಾಗಿ 8.8 ಎಂದರೆ 800 ಮತ್ತು 640 ನ್ಯೂಟನ್, 10.9 ಎಂದರೆ 1000 ಮತ್ತು 900. ಅದೇ 12 ಮಿ.ಮೀ. ಗಾತ್ರದ 10.9 ಬೋಲ್ಟ್ ಏಳೂವರೆ ಟನ್‌ವರೆಗೆ ನೆಟ್ಟಗೆ ಉಳಿಯುತ್ತದೆ. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಕತ್ತರಿಸುವುದಿಲ್ಲ, ಉರುಳಿಸಿ ಮೂಡಿಸುತ್ತಾರೆ. ಆದ್ದರಿಂದ ಥ್ರೆಡ್ಡಿನ ಬುಡ ನುಣುಪಾಗಿರುತ್ತದೆ, ಬಿರುಕು ಹುಟ್ಟುವ ಸಾಧ್ಯತೆ ಕಡಿಮೆ. ಲೇತ್‌ನವರಿಂದ ಅದರ ತುದಿಯನ್ನಷ್ಟೇ ಸರಿಪಡಿಸಿಕೊಂಡರೆ ಸಾಕು.

ಈಗ ಬೇರಿಂಗ್ ರೇಸಿನ ಸಲಹೆಗೆ ಬರೋಣ. ಗಡಸಾದಷ್ಟೂ ಗಟ್ಟಿ ಎಂಬ ನಂಬಿಕೆ ನಮ್ಮ ಕಸುಬಿನಲ್ಲಿ ಬೇರೂರಿದೆ, ನಾನೂ ಹಿಂದೆ ಹಾಗೆಯೇ ನಂಬಿದ್ದೆ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಮೂರು ಕೊಕ್ಕೆಯ ಗೇರ್ ಪುಲ್ಲರಿಗೆ ದೊಡ್ಡ ಬೇರಿಂಗಿನ ಹೊರ ರೇಸನ್ನು ಕತ್ತರಿಸಿ ಕೊಕ್ಕೆ ಮಾಡಿದೆ. ಅದು ಇಎನ್31, ಶೇ 1ರಷ್ಟು ಇಂಗಾಲ ಮತ್ತು ಶೇ 1.5ರ ಸುಮಾರು ಕ್ರೋಮಿಯಂ ಇರುವ ಉಕ್ಕು. ಕಾಯಿಸಿ ಎಣ್ಣೆಗೆ ಅದ್ದಿದ ಮೇಲೆ ಅರ ಹಾಕಿ ನೋಡಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ನನಗೆ ಬಹಳ ಹೆಮ್ಮೆಯಾಯಿತು. ನಾಲ್ಕನೆಯ ಗೇರ್ ಎಳೆಯುವಾಗ ಒಂದು ಕೊಕ್ಕೆ ಪಟಾಕಿ ಸಿಡಿದ ಸದ್ದಿನೊಂದಿಗೆ ತುಂಡಾಯಿತು. ಬಾಗಲಿಲ್ಲ, ಕಿರುಗುಟ್ಟಲಿಲ್ಲ, ಯಾವ ಮುನ್ಸೂಚನೆಯನ್ನೂ ಕೊಡಲಿಲ್ಲ. ಹಾರಿದ ಚೂರು ಹಿಂದಿದ್ದ ಮರದ ಬೀರುವಿನ ಬಾಗಿಲಿನಲ್ಲಿ ನಾಟಿಕೊಂಡಿತು. ಒಂದು ನಿಮಿಷದ ಹಿಂದೆ ನಮ್ಮ ಸಹಾಯಕ ಹುಡುಗ ಅದೇ ಬಾಗಿಲು ತೆರೆದು ನಿಂತಿದ್ದ.

ನಮ್ಮ ಮೇಸ್ತ್ರಿಗಳು ಆ ಚೂರನ್ನು ಕಿತ್ತು ತಂದು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮುರಿದ ಮುಖ ಬೂದು ಬಣ್ಣದಲ್ಲಿ, ಒರಟು ಸಕ್ಕರೆಯ ಹರಳುಗಳನ್ನು ಅಂಟಿಸಿದಂತೆ ಮಿನುಗುತ್ತಿತ್ತು. ಅಗತ್ಯಕ್ಕಿಂತ ಹೆಚ್ಚು ಕಾಯಿಸಿದ್ದರಿಂದ ಉಕ್ಕಿನ ಕಣ ದಪ್ಪವಾಗಿದೆ ಎಂಬುದಕ್ಕೆ ಅದು ಗುರುತು. ಒಂದು ಅಂಚಿನಲ್ಲಿ ಕಡಲೆಕಾಳಿನಷ್ಟು ಜಾಗ ಮಾತ್ರ ಕಪ್ಪಗಿತ್ತು. ಎಣ್ಣೆಗೆ ಅದ್ದಿದ ಕ್ಷಣದಲ್ಲಿಯೇ ಅಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು, ಆ ಬಿರುಕಿನೊಳಗೆ ಎಣ್ಣೆ ಇಳಿದು ಕಪ್ಪಾಗಿತ್ತು. ಅಂದರೆ ನಾನು ಹೆಮ್ಮೆಯಿಂದ ಅರ ಹಾಕಿ ನೋಡಿದ ದಿನವೇ ಅದು ಮುರಿಯಲು ಶುರುವಾಗಿತ್ತು. ಗಡಸುತನದ ಜೊತೆಗೆ ಪೆಡಸುತನ ಬಂದೇ ಬರುತ್ತದೆ. ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸಿ ಆ ಪೆಡಸನ್ನು ಇಳಿಸದೆ ಇದ್ದರೆ ಉಕ್ಕು ಭಾರಕ್ಕೆ ಬಾಗುವ ಬದಲು ಸಿಡಿಯುತ್ತದೆ.

ಹಳ್ಳಿಯ ಕುಲುಮೆಯಲ್ಲಿ ಮಚ್ಚು, ಕುಡುಗೋಲು ಹೊಡೆಯುವವರಿಗೆ ಇದು ಚೆನ್ನಾಗಿ ಗೊತ್ತು. ಅವರು ನೀರಿಗೆ ಅದ್ದಿದ ಮೇಲೆ ಬಾಯಿಯನ್ನು ಉಜ್ಜಿ ಹೊಳಪಿಸಿ, ಹಿಂಬದಿಯ ಶಾಖ ಮುಂದಕ್ಕೆ ಹರಿದು ಬಣ್ಣ ಮೂಡುವುದನ್ನು ಕಾಯುತ್ತಾರೆ. ತೆಳುಹಳದಿ ಬಂದರೆ 220ರಿಂದ 230 ಡಿಗ್ರಿ, ನೇರಳೆ ಬಂದರೆ 280, ನೀಲಿ ಬಂದರೆ 300ರ ಸುಮಾರು. ಉಳಿ, ಪಂಚ್, ಡ್ರಿಫ್ಟ್‌ಗಳಿಗೆ ಈ ಕಣ್ಣಳತೆ ಸಾಕು, ನೀವೂ ಮಾಡಿಕೊಳ್ಳಬಹುದು. ಕಾಯಿಸುವಾಗ ಅಯಸ್ಕಾಂತವನ್ನು ಹತ್ತಿರ ಹಿಡಿಯಿರಿ. 770 ಡಿಗ್ರಿಯ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ; ಅಲ್ಲಿಂದ ಸ್ವಲ್ಪವೇ ಮೇಲೆ ಹೋದರೆ ಅದ್ದುವ ಶಾಖ. ಆದರೆ ಟನ್‌ಗಟ್ಟಲೆ ಎಳೆಯುವ ಕೊಕ್ಕೆಗೆ, ಸ್ಕ್ರೂವಿಗೆ ಈ ಹದ ಸಾಲದು. ಅವುಗಳಿಗೆ 550 ಡಿಗ್ರಿಗಿಂತ ಮೇಲಿನ ಹದ ಬೇಕು, ಆ ಶಾಖದಲ್ಲಿ ಕಣ್ಣಿಗೆ ಗುರುತು ಹಚ್ಚಬಲ್ಲ ಬಣ್ಣ ಮೂಡುವುದಿಲ್ಲ. ಅದಕ್ಕೆ ಶಾಖಮಾಪಕವಿರುವ ಫರ್ನೇಸ್ ಇರಬೇಕು. ತುಮಕೂರು ರಸ್ತೆಯಲ್ಲಿಯೇ ಇರುವ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರಿದ್ದಾರೆ. ಐದಾರು ತುಂಡುಗಳನ್ನು ಒಟ್ಟಿಗೆ ಕೊಟ್ಟರೆ ಖರ್ಚು ಹಂಚಿಹೋಗುತ್ತದೆ. ಉಕ್ಕಿನ ಹೆಸರನ್ನೂ ನಿಮಗೆ ಬೇಕಾದ ಗಡಸುತನವನ್ನೂ ಬರೆದು ಕೊಡಿ. ಪುಲ್ಲರ್ ಸ್ಕ್ರೂವಿಗೆ 28ರಿಂದ 34 ರಾಕ್‌ವೆಲ್ ಸಿ ಸಾಕು. ಬೇರಿಂಗ್ ರೇಸಿನ ಗಡಸು 60ರ ಸುಮಾರು ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡರ ಅಂತರ ನಿಮಗೇ ತಿಳಿಯುತ್ತದೆ.

ಲಾರಿಯ ಕಮಾನ್ ಪ್ಲೇಟ್ ಮೂಲತಃ ಒಳ್ಳೆಯ ಉಕ್ಕೇ. ತೊಂದರೆ ಇರುವುದು ಅದರ ವಯಸ್ಸಿನಲ್ಲಿ. ಲಕ್ಷಾಂತರ ಸಲ ಬಾಗಿ ನೆಟ್ಟಗಾದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅದು ಗುಜರಿಗೆ ಬಂದಿರುವುದೂ ಸಾಮಾನ್ಯವಾಗಿ ಆ ಕಾರಣಕ್ಕೇ. ಇನ್ನೊಂದು ಮಾತು: ಇಂಗಾಲ ಹೆಚ್ಚಿರುವ ಈ ಎರಡೂ ಉಕ್ಕುಗಳಿಗೆ ಸಾದಾ ರಾಡಿನಿಂದ ವೆಲ್ಡಿಂಗ್ ಮಾಡಿದರೆ ಬೆಸುಗೆ ನೋಡಲು ಚೆನ್ನಾಗಿರುತ್ತದೆ, ಬೆಸುಗೆಯ ಪಕ್ಕದ ಉಕ್ಕು ತಕ್ಷಣ ತಣ್ಣಗಾಗಿ ಗಾಜಿನಂತಾಗುತ್ತದೆ. ಹಿಡಿಕೆ ಬೆಸೆಯಲೇಬೇಕಾದರೆ ಆ ಭಾಗವನ್ನು ಎಂಎಸ್‌ನಲ್ಲಿ ಮಾಡಿಸಿ, ಭಾರ ಹೊರುವ ಭಾಗಕ್ಕೆ ವೆಲ್ಡಿಂಗ್ ತಾಗದಂತೆ ನೋಡಿಕೊಳ್ಳಿ.

ಹಾಗಾದರೆ ನಿಮ್ಮ ಪುಲ್ಲರ್ ಹೇಗಿರಬೇಕು? ದೇಹ ಹದಗೊಳಿಸಿದ ಇಎನ್8ರಲ್ಲಿ, ಸ್ಕ್ರೂ 10.9 ಬೋಲ್ಟ್ ಅಥವಾ ಇಎನ್19ರಲ್ಲಿ. ಸ್ಕ್ರೂವಿನ ತುದಿಯ ವ್ಯಾಸ ಕ್ರ್ಯಾಂಕ್ ಥ್ರೆಡ್ಡಿನ ಬುಡದ ವ್ಯಾಸಕ್ಕಿಂತ ಕಡಿಮೆ ಇರಲೇಬೇಕು. ನಿಮ್ಮಲ್ಲಿ ಥ್ರೆಡ್ ಕೆಟ್ಟದ್ದು ಅಣಬೆಯಂತೆ ಅಗಲವಾದ ತುದಿ ಕ್ರ್ಯಾಂಕಿನ ಅಂಚಿನ ಮೇಲೆ ಕುಳಿತು ತಿರುಗಿದ್ದರಿಂದ. ಸ್ಕ್ರೂವಿಗೂ ಕ್ರ್ಯಾಂಕಿಗೂ ನಡುವೆ ಹಿತ್ತಾಳೆಯ ಒಂದು ಸಣ್ಣ ಗುಬ್ಬಿಯನ್ನು ಇಡಿ. ಅದರ ಒಂದು ಮುಖ ಕ್ರ್ಯಾಂಕಿನ ಸೆಂಟರ್ ಕುಳಿಯಲ್ಲಿ ಕೂರುವಂತಿರಲಿ, ಇನ್ನೊಂದು ಮುಖದಲ್ಲಿ ಸ್ಕ್ರೂವಿನ ತುದಿ ಕೂರುವಷ್ಟು ತಗ್ಗಿರಲಿ. ಎಲ್ಲಾದರೂ ಏನಾದರೂ ಸೋಲಲೇಬೇಕೆಂದಾದರೆ ಸೋಲಬೇಕಾದದ್ದು ಈ ಗುಬ್ಬಿ. ಕ್ರ್ಯಾಂಕ್ ಗ್ರಾಹಕರದು, ಸ್ಕ್ರೂ ಹಾರಿದರೆ ಪೆಟ್ಟು ಬೀಳುವುದು ನಿಮಗೆ; ಗುಬ್ಬಿಯನ್ನು ಹತ್ತು ನಿಮಿಷದಲ್ಲಿ ಮತ್ತೊಂದು ಮಾಡಿಸಬಹುದು. ಯಾವ ಉಪಕರಣ ಮಾಡಿಸುವಾಗಲೂ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಇದರಲ್ಲಿ ಮೊದಲು ಸೋಲುವ ಭಾಗ ಯಾವುದು, ಅದು ಸೋತಾಗ ಅಲ್ಲಿ ಯಾರ ಕೈ, ಯಾರ ಮುಖ ಇರುತ್ತದೆ?

ಮ್ಯಾಗ್ನೆಟ್ಟಿಗೆ ಕಚ್ಚುವ ಹೊರ ಥ್ರೆಡ್ಡಿನ ಅಳತೆಯನ್ನು ಹಳೆಯ ಪುಲ್ಲರಿನಿಂದ ನಕಲು ಮಾಡಬೇಡಿ, ಅದೂ ಸವೆದಿರುತ್ತದೆ. ಹೊಸ ಮ್ಯಾಗ್ನೆಟ್ ಒಂದನ್ನು ಲೇತ್‌ಗೆ ಒಯ್ದು, ಪಿಚ್ (ಥ್ರೆಡ್ಡಿನ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ಅಂತರ) ಅಳೆಯುವ ಗೇಜ್ ಇಟ್ಟು ನೋಡಿಸಿ. 1 ಮಿ.ಮೀ. ಪಿಚ್ಚಿಗೂ 1.25 ಮಿ.ಮೀ. ಪಿಚ್ಚಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ತಪ್ಪು ಪಿಚ್ಚಿನದು ಎರಡು ಸುತ್ತು ಸಲೀಸಾಗಿ ಹೋಗಿ ಅಲ್ಲಿ ಬಿಗಿಯಾಗುತ್ತದೆ. ಬಿಗಿಯಾಯಿತು ಎಂದುಕೊಂಡು ಎಳೆದರೆ ಮ್ಯಾಗ್ನೆಟ್ಟಿನ ಥ್ರೆಡ್ಡೇ ಸುಲಿದು ಬರುತ್ತದೆ. ಸರಿಯಾದ ಪುಲ್ಲರ್ ಕೈಯಲ್ಲೇ ಕೊನೆಯವರೆಗೆ ತಿರುಗಿ ಕೂರಬೇಕು.

ಬಳಸುವ ಕ್ರಮವೂ ಮುಖ್ಯ. ಮ್ಯಾಗ್ನೆಟ್ ಕೂತಿರುವುದು ಶಂಕುವಿನಾಕಾರದ ಶಾಫ್ಟಿನ ಮೇಲೆ. ಅಂಥ ಹಿಡಿತ ಒಂದೇ ಸಮನೆ ಒತ್ತುವುದಕ್ಕಿಂತ ಒತ್ತಡದಲ್ಲಿರುವಾಗ ಬೀಳುವ ಸಣ್ಣ ಪೆಟ್ಟಿಗೆ ಬೇಗ ಬಿಡುತ್ತದೆ. ಸ್ಕ್ರೂವಿಗೆ ಮಾಲಿಬ್ಡಿನಂ ಗ್ರೀಸ್ ಹಚ್ಚಿ, ಸಾದಾ ಸ್ಪ್ಯಾನರಿನಿಂದ ಬಿಗಿ ಮಾಡಿ, ಸ್ಕ್ರೂವಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ಒಂದು ಚಿಕ್ಕ ಪೆಟ್ಟು ಕೊಡಿ. ಬಿಡದಿದ್ದರೆ ಇನ್ನು ಕಾಲು ಸುತ್ತು ಬಿಗಿ, ಇನ್ನೊಂದು ಪೆಟ್ಟು. ಪೈಪಿನ ಅಗತ್ಯ ಬೀಳುವುದಿಲ್ಲ. ಮ್ಯಾಗ್ನೆಟ್ಟಿನ ಅಂಚಿಗೆ ಸುತ್ತಿಗೆ ಹಾಕಬೇಡಿ, ಗ್ಯಾಸ್ ಬೆಂಕಿಯನ್ನೂ ಹಿಡಿಯಬೇಡಿ. ಒಳಗಿನ ಅಯಸ್ಕಾಂತಗಳು ಬಿರುಕು ಬಿಡುತ್ತವೆ, ಅಂಟು ಕಳಚುತ್ತದೆ, ಶಾಖಕ್ಕೆ ಶಕ್ತಿಯೂ ಕುಂದುತ್ತದೆ. ಈಗಾಗಲೇ ಜಜ್ಜಿರುವ ಕ್ರ್ಯಾಂಕ್ ಥ್ರೆಡ್ಡುಗಳು ಮೊದಲೆರಡೇ ಆಗಿದ್ದರೆ ಗಾಬರಿ ಬೇಡ. ಹೊಸ ಥ್ರೆಡ್ ಕತ್ತರಿಸುವ ಡೈ ಹಾಕುವ ಬದಲು, ಇರುವ ಥ್ರೆಡ್ಡನ್ನು ಸರಿಪಡಿಸುವ ಥ್ರೆಡ್ ಅರದಿಂದ ನಿಧಾನವಾಗಿ ತಿದ್ದಿ, ಹೊಸ ನಟ್ಟನ್ನು ಕೈಯಲ್ಲಿ ಕೊನೆಯವರೆಗೂ ತಿರುಗಿಸಿ ನೋಡಿ, ಆಮೇಲೆ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ.

ಟೈಮಿಂಗ್ ಲಾಕ್ ಪಿನ್ನಿನ ವಿಷಯ ಬೇರೆ. ಸ್ವಿಫ್ಟ್, ಇಂಡಿಕಾ ವಿಸ್ಟಾ ಮುಂತಾದವುಗಳಲ್ಲಿ ಬಂದ ಫಿಯೆಟ್ ಮೂಲದ ಆ 1.3 ಲೀಟರ್ ಎಂಜಿನ್‌ನಲ್ಲಿ ಪಿನ್ನಿನ ಮೇಲೆ ಟನ್‌ಗಟ್ಟಲೆ ಭಾರವೇನೂ ಇಲ್ಲ. ಇಲ್ಲಿ ಬೇಕಾದದ್ದು ಶಕ್ತಿಗಿಂತ ಅಳತೆ. ಒಂದು ಲೆಕ್ಕ ನೋಡಿ: ಕೇಂದ್ರದಿಂದ 20 ಮಿ.ಮೀ. ದೂರದ ತೂತಿನಲ್ಲಿ ಪಿನ್ ಅರ್ಧ ಮಿ.ಮೀ. ಸರಿಯುವಷ್ಟು ಸಡಿಲವಿದ್ದರೆ ಕ್ಯಾಮ್‌ಶಾಫ್ಟ್ ಸುಮಾರು ಒಂದೂವರೆ ಡಿಗ್ರಿ ತಪ್ಪುತ್ತದೆ. ಕ್ಯಾಮ್ ಒಂದು ಸುತ್ತು ಬರುವಾಗ ಕ್ರ್ಯಾಂಕ್ ಎರಡು ಸುತ್ತು ಬರುವುದರಿಂದ ಕ್ರ್ಯಾಂಕ್ ಲೆಕ್ಕದಲ್ಲಿ ಅದು ಮೂರು ಡಿಗ್ರಿ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತ ಇರುವುದಿಲ್ಲ, ಹೊಗೆ ಬರುತ್ತದೆ, ನೀವು ಇಂಜೆಕ್ಟರನ್ನು ದೂರುತ್ತಾ ಕೂರುತ್ತೀರಿ. ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಪಿನ್ನಾಗಿ ತೂರಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಆ ಹಿಂಭಾಗ ಬರೆದ ಅಳತೆಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಅಲ್ಲದೆ ಯಾರಾದರೂ ಎಂಜಿನ್ ತಿರುಗಿಸಿಬಿಟ್ಟರೆ ಮುರಿದು ಒಳಗೆ ಬೀಳುತ್ತದೆ.

ಆದ್ದರಿಂದ ಪಿನ್ನನ್ನು ಗ್ರೈಂಡ್ ಮಾಡಿದ ಸಿಲ್ವರ್ ಸ್ಟೀಲ್ (ಹೆಸರಷ್ಟೇ ಬೆಳ್ಳಿ, ಅದು ಇಂಗಾಲ ಹೆಚ್ಚಿರುವ ಉಕ್ಕು) ಸರಳಿನಲ್ಲಿ ಮಾಡಿಸಿ. ಅಳತೆಯನ್ನು ಮೈಕ್ರೋಮೀಟರಿನಲ್ಲಿ ತೆಗೆದಿರಬೇಕು, ವರ್ನಿಯರ್ ಸಾಲದು. ಎಚ್‌ಎಂಟಿಯ ಕೈಗಡಿಯಾರಗಳು ತಯಾರಾಗುತ್ತಿದ್ದ ಊರು ತುಮಕೂರು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯನ್ನು ಹಿಡಿಯಬಲ್ಲ ಕೈಗಳು ಇಲ್ಲಿಲ್ಲ ಎಂದು ಯಾರೂ ಹೇಳಲಾಗದು, ಕೇಳಿ ಮಾಡಿಸಿಕೊಳ್ಳಬೇಕು. ಪಿನ್ನಿಗೆ ತೂತಿಗಿಂತ ಅಗಲವಾದ ತಲೆ ಇರಲಿ, ಒಳಗೆ ಜಾರದಂತೆ. ತಲೆಗೆ ಒಂದು ಅಡಿ ಉದ್ದದ ಕೆಂಪು ಪಟ್ಟಿ ಕಟ್ಟಿ. ಪಿನ್ ತೆಗೆಯುವುದನ್ನು ಮರೆತು ಸೆಲ್ಫ್ ಹೊಡೆದ ಎಂಜಿನ್‌ಗಳನ್ನು ನಾನು ಕಂಡಿದ್ದೇನೆ. ಇನ್ನೂ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಲೇಬೇಕು. ಲಾಕ್ ಪಿನ್ ಎಂಬ ಹೆಸರಿದ್ದರೂ ಅದು ಬೋಲ್ಟ್ ಬಿಗಿ ಮಾಡುವಾಗ ಗೇರನ್ನು ಹಿಡಿದಿಡುವ ಸಾಧನವಲ್ಲ, ಸ್ಥಾನವನ್ನು ತೋರಿಸುವ ಗುರುತು ಮಾತ್ರ. ಕೆಲವು ಎಂಜಿನ್‌ಗಳಲ್ಲಿ ಗೇರಿಗೂ ಶಾಫ್ಟಿಗೂ ನಡುವೆ ಕೀ (ಗೇರ್ ಜಾರದಂತೆ ತಡೆಯುವ ಸಣ್ಣ ಉಕ್ಕಿನ ತುಂಡು) ಇರುವುದೇ ಇಲ್ಲ, ಬೋಲ್ಟಿನ ಬಿಗಿತವೇ ಎಲ್ಲವನ್ನೂ ಹಿಡಿದಿಡುತ್ತದೆ. ಅಂಥ ಬೋಲ್ಟಿಗೆ ನೂರಾರು ನ್ಯೂಟನ್ ಮೀಟರ್ ಹಾಕುವಾಗ ಪಿನ್ನಿನ ಆಧಾರದಲ್ಲಿ ನಿಂತರೆ ಪಿನ್ ಬಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೌಸಿಂಗಿನ ತೂತು ಅಗಲವಾಗುತ್ತದೆ. ಗೇರನ್ನು ಹಿಡಿಯಲು ಎರಡು ಕಾಲಿನ ಉದ್ದನೆಯ ಹಿಡಿಕೆಯೊಂದನ್ನು ಬೇರೆಯಾಗಿಯೇ ಮಾಡಿಸಿ. ಅದಕ್ಕೆ ದಪ್ಪ ಎಂಎಸ್ ಪಟ್ಟಿ ಧಾರಾಳವಾಗಿ ಸಾಕು. ಕೆಲಸ ಮುಗಿದ ಮೇಲೆ ಪಿನ್ ತೆಗೆದು, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಪಿನ್ ಮತ್ತೆ ತಾನಾಗಿ ಕೂರುತ್ತದೆಯೇ ಎಂದು ನೋಡಿ, ಆಮೇಲೆ ಕೀಲಿ ತಿರುಗಿಸಿ.

ಇನ್ನು ಸ್ಪ್ರಿಂಗ್ ಒತ್ತುವ ಸಾಧನ. ಇದರಲ್ಲಿ ನಾನು ಬಹಳ ಬಿಗಿ. ಹದವಾದ ಉಕ್ಕಿನ ಪುಲ್ಲರ್ ಸೋತರೆ ಬಾಗುತ್ತದೆ, ಬಲ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ, ಯಾಕೆಂದರೆ ಉಕ್ಕು ಉಕ್ಕನ್ನು ಒತ್ತುವಾಗ ಕೂಡಿಡುವ ಶಕ್ತಿ ಅತ್ಯಲ್ಪ. ಸ್ಪ್ರಿಂಗ್ ಹಾಗಲ್ಲ, ಅದು ಶಕ್ತಿಯನ್ನು ಕೂಡಿಟ್ಟುಕೊಂಡು ಕಾಯುತ್ತದೆ. ಒಂದು ಮಿ.ಮೀ. ಒತ್ತಲು 25 ನ್ಯೂಟನ್ ಬೇಕಾಗುವ ಸ್ಪ್ರಿಂಗನ್ನು 120 ಮಿ.ಮೀ. ಒತ್ತಿದರೆ ಬಲ 300 ಕೆ.ಜಿ.ಯಷ್ಟಾಗುತ್ತದೆ, ಒಳಗೆ ಸೇರಿಕೊಂಡ ಶಕ್ತಿ 180 ಜೂಲ್. 18 ಕೆ.ಜಿ. ಕಬ್ಬಿಣದ ತುಂಡು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಹೊಡೆತ ಅದು. ಸ್ಟ್ರಟ್ಟಿನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಮೇಲಿನ ನಟ್ ಬಿಚ್ಚಲು ನೀವು ಬಗ್ಗಿದಾಗ ನಿಮ್ಮ ಗಲ್ಲ ಅದರ ನೇರದಲ್ಲಿಯೇ ಇರುತ್ತದೆ. ಕೊಕ್ಕೆ ಮುರಿಯಬೇಕೆಂದೂ ಇಲ್ಲ. ಓರೆಯಾದ ಸುರುಳಿಯ ಮೇಲೆ ಜಾರಿದರೂ ಸಾಕು. ಜಾರದಂತೆ ತಡೆಯುವ ಕೊಕ್ಕೆಯ ಬಾಗು, ಸುರುಳಿಯ ದಪ್ಪಕ್ಕೆ ತಕ್ಕ ತಗ್ಗು, ಸುರಕ್ಷತೆಯ ಕಡ್ಡಿ, ಇವನ್ನೆಲ್ಲ ತಯಾರಕರು ಪರೀಕ್ಷೆ ಮಾಡಿ ಮಾಡಿ ಗೊತ್ತುಪಡಿಸಿರುತ್ತಾರೆ. ಲೇತ್‌ನಲ್ಲಿ ನಾವು ಆಕಾರವನ್ನು ನಕಲು ಮಾಡಬಹುದು, ಆ ಪರೀಕ್ಷೆಯನ್ನು ಮಾಡಲಾಗುವುದಿಲ್ಲ.

ಅದರ ಖರ್ಚಿನ ಚಿಂತೆ ನನಗೆ ಅರ್ಥವಾಗುತ್ತದೆ. ಶಿರಾದಲ್ಲಿಯೇ ನಾಲ್ಕೈದು ಗ್ಯಾರೇಜಿನವರು ಸೇರಿ ಗೋಡೆಗೆ ಅಥವಾ ನೆಲಕ್ಕೆ ಕೂರಿಸುವ ಒಳ್ಳೆಯ ಸ್ಪ್ರಿಂಗ್ ಕಂಪ್ರೆಸರ್ ಒಂದನ್ನು ಕೊಂಡು ಒಂದು ಕಡೆ ಇಡಬಹುದು, ಸ್ಟ್ರಟ್ಟನ್ನು ಬಿಚ್ಚಿ ಅಲ್ಲಿಗೆ ಒಯ್ಯುವುದು ಕಷ್ಟವೇನಲ್ಲ. ಅದು ಆಗದಿದ್ದರೆ ಆ ಒಂದು ಕೆಲಸವನ್ನು ಸಾಧನ ಇರುವವರಿಗೆ ಕೂಲಿ ಕೊಟ್ಟು ಮಾಡಿಸಿ. ಇದೇ ಮಾತು ವಾಹನದ ಕೆಳಗೆ ಇಡುವ ಸ್ಟ್ಯಾಂಡ್‌ಗಳಿಗೆ, ಎಂಜಿನ್ ಎತ್ತುವ ಕೊಕ್ಕೆಗಳಿಗೆ ಅನ್ವಯಿಸುತ್ತದೆ. ಕಾಮನ್ ರೈಲ್ ಡೀಸೆಲ್ ಲೈನಿಗೆ ಜೋಡಿಸುವ ಅಡಾಪ್ಟರುಗಳಿಗೂ ಇದೇ ಮಾತು. ಅಲ್ಲಿ ಒತ್ತಡ 1,000 ಬಾರ್‌ಗಿಂತ ಹೆಚ್ಚು. ಸೂಜಿಮೊನೆಯಷ್ಟು ಸೋರಿಕೆಯೂ ಚರ್ಮವನ್ನು ತೂರಿ ಡೀಸೆಲ್ಲನ್ನು ಮಾಂಸದೊಳಗೆ ಇಳಿಸುತ್ತದೆ. ಹಾಗಾದಾಗ ಗಾಯ ಚಿಕ್ಕದೆಂದು ಮನೆಗೆ ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಾಡಿಸಿದ ಉಪಕರಣ ತುಕ್ಕು ಹಿಡಿಯಬಾರದೆಂದು ಹಲವರು ಅದನ್ನು ಜಿಂಕ್ ಪ್ಲೇಟಿಂಗಿಗೆ ಕೊಡುತ್ತಾರೆ. ಗಡಸು ಮಾಡಿದ ಉಕ್ಕಿಗೆ ಇದು ಅಪಾಯ. ಪ್ಲೇಟಿಂಗಿಗೆ ಮೊದಲು ಆಸಿಡ್ಡಿನಲ್ಲಿ ಅದ್ದುವಾಗ ಜಲಜನಕ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಭಾರ ಹಾಕಿದ ಎಷ್ಟೋ ಗಂಟೆಗಳ ನಂತರ, ಯಾರೂ ಮುಟ್ಟದೆ ಇರುವಾಗಲೂ ಅದು ತುಂಡಾಗಬಹುದು. ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ 200 ಡಿಗ್ರಿಯ ಸುಮಾರು ಶಾಖದಲ್ಲಿ ಹಲವು ಗಂಟೆ ಬೇಯಿಸಿದರೆ ಆ ಜಲಜನಕ ಹೊರಬರುತ್ತದೆ. ಆದರೆ ಚಿಕ್ಕ ಪ್ಲೇಟಿಂಗ್ ಅಂಗಡಿಗಳಲ್ಲಿ ಇದನ್ನು ಮಾಡುವವರು ಕಡಿಮೆ. ನಾನಾದರೆ ಎಣ್ಣೆ ಒರೆಸಿ ಇಡುತ್ತೇನೆ.

ಇನ್ನೊಂದು ಕೆಲಸಕ್ಕೆ ನೀವು ಮನಸ್ಸು ಮಾಡಬೇಕು. ಲೇತ್‌ನವರಿಗೆ ಬಾಯಲ್ಲಿ ಹೇಳುವುದನ್ನು ಬಿಟ್ಟು ಒಂದು ಹಾಳೆಯಲ್ಲಿ ಚಿತ್ರ ಬರೆದು ಕೊಡಿ. ಉಕ್ಕಿನ ಹೆಸರು, ಹದ, ಥ್ರೆಡ್ಡಿನ ವ್ಯಾಸ ಮತ್ತು ಪಿಚ್, ಎಷ್ಟು ಟನ್ ಭಾರ ಬೀಳುತ್ತದೆ ಎಂಬ ನಿಮ್ಮ ಅಂದಾಜು, ಇಷ್ಟು ಅದರಲ್ಲಿರಲಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ. ಉಕ್ಕನ್ನು ಗುಜರಿಯಿಂದ ತರಿಸದೆ ಸರಳುಗಳ ವ್ಯಾಪಾರಿಯಿಂದ ತಂದು, ಅದರ ಟೆಸ್ಟ್ ಸರ್ಟಿಫಿಕೇಟಿನ ಪ್ರತಿ ಕೇಳಿ. ಸಣ್ಣ ಉಪಕರಣಕ್ಕೆ ಬೇಕಾದ ಉಕ್ಕಿನ ಬೆಲೆ ಮಾಡುವ ಕೂಲಿಯ ಮುಂದೆ ಹೆಚ್ಚೇನಲ್ಲ, ಅಲ್ಲಿ ಉಳಿಸಲು ಹೋಗಬೇಡಿ. ವರ್ಷಕ್ಕೊಮ್ಮೆ ಭಾರ ಹೊರುವ ಉಪಕರಣಗಳನ್ನು ತೊಳೆದು ಒಣಗಿಸಿ, ಬಿರುಕು ತೋರಿಸುವ ಕೆಂಪು ಬಣ್ಣದ ಸ್ಪ್ರೇ ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಹೊಡೆಯಿರಿ. ಬಿಳಿಯ ಮೇಲೆ ಕೆಂಪು ಗೆರೆ ಎಲ್ಲಿ ಮೂಡಿದರೂ ಆ ಉಪಕರಣವನ್ನು ಗ್ರೈಂಡರಿನಿಂದ ಎರಡು ತುಂಡು ಮಾಡಿ ಎಸೆಯಿರಿ. ಇಡೀ ತುಂಡಾಗಿ ಗುಜರಿಗೆ ಹಾಕಿದರೆ ಯಾರೋ ಹುಡುಗ ಅದನ್ನು ಮತ್ತೆ ಎತ್ತಿಕೊಳ್ಳುತ್ತಾನೆ.

ಸಾಮಾನ್ಯ ಬೈಕುಗಳ ಮ್ಯಾಗ್ನೆಟ್ ಪುಲ್ಲರ್‌ಗಳು ಈಗ ಬೆಂಗಳೂರಿನ ಉಪಕರಣದ ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ನಿಮ್ಮ ಗ್ಯಾರೇಜಿಗೆ ಹೆಚ್ಚಾಗಿ ಬರುವ ಎರಡು ಮೂರು ಮಾದರಿಗಳಿಗೆ ಅವನ್ನೇ ಕೊಳ್ಳಿ, ಸಿಗದ ಮಾದರಿಗೆ ಮಾತ್ರ ಲೇತ್‌ಗೆ ಹೋಗಿ. ಹೋಗುವಾಗ ಆ ಬಾಗಿದ ಸ್ಕ್ರೂವನ್ನು ಮರೆಯದೆ ಒಯ್ಯಿರಿ. ಅದರ ಅಣಬೆಯಂಥ ತುದಿಗೆ ಲೇತ್‌ನವರ ಮುಂದೆಯೇ ಅರ ಹಾಕಿ ನೋಡಿ. ಅರ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅದು ಹದ ಕಾಣದ ಉಕ್ಕು ಎಂಬುದು ಇಬ್ಬರಿಗೂ ಒಟ್ಟಿಗೆ ತಿಳಿಯುತ್ತದೆ. ಆಮೇಲೆ ಮೇಲಿನ ಟನ್ನುಗಳ ಲೆಕ್ಕವನ್ನು ಅವರೆದುರು ಇಟ್ಟು ಹೊಸದಕ್ಕೆ ಉಕ್ಕು ಆರಿಸಿ. ಹನ್ನೊಂದು ವರ್ಷದ ನಿಮ್ಮ ಕೈಯನ್ನೂ ಅವರ ಲೇತನ್ನೂ ನಾನು ಅನುಮಾನಿಸುವುದಿಲ್ಲ. ಬೇರಿಂಗ್ ರೇಸನ್ನು ಮಾತ್ರ ಗುಜರಿಯಲ್ಲೇ ಬಿಟ್ಟು ಬನ್ನಿ.